ಮುದ್ರಣಕ್ಕೂ ಒಂದು ಅಳತೆಗೋಲು ಬೇಕು

ತೂಕದಲ್ಲಿ ಹತ್ತು ಗ್ರಾಂ ಕಡಿಮೆಯಾದರೆ ವ್ಯಾಪಾರಿ ಒಪ್ಪುವುದಿಲ್ಲ. ಬಟ್ಟೆಯ ಅಗಲದಲ್ಲಿ ಅರ್ಧ ಅಂಗುಲ ತಪ್ಪಿದರೆ ಗಿರಾಕಿ ಬಿಡುವುದಿಲ್ಲ. ಆದರೆ ಅದೇ ಸರಕಿನ ಮೇಲೆ ಅಂಟಿಸುವ ಲೇಬಲ್‌ನ ಮುದ್ರಣವನ್ನು ನಮ್ಮಲ್ಲಿ ಬಹುಮಂದಿ ಇಂದಿಗೂ ಕಣ್ಣಳತೆಯಲ್ಲೇ ಒಪ್ಪಿಕೊಳ್ಳುತ್ತಿದ್ದೇವೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಸೀರೆಯಿರಲಿ, ದಾಬಸ್‌ಪೇಟೆಯ ಕಾರ್ಖಾನೆಯ ಬಿಡಿಭಾಗವಿರಲಿ, ದೊಡ್ಡ ಖರೀದಿದಾರರ ಗೋದಾಮಿನಲ್ಲಿ ಅದನ್ನು ಮೊದಲು ನೋಡುವುದು ಮನುಷ್ಯನ ಕಣ್ಣಲ್ಲ, ಯಂತ್ರದ ಕಣ್ಣು. ಯಂತ್ರ ಓದದಿದ್ದರೆ ಸರಕು ಎಷ್ಟೇ ಚೆನ್ನಾಗಿದ್ದರೂ ಬದಿಗೆ ಸರಿಯುತ್ತದೆ. ಮರುಲೇಬಲ್, ಮರುಸಾಗಾಣಿಕೆಗಳ ವೆಚ್ಚ ಕೊನೆಗೆ ಬೀಳುವುದು ಸಣ್ಣ ತಯಾರಕನ ಹೆಗಲಿಗೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. "ನನ್ನ ಮೊಬೈಲಿನಲ್ಲಿ ಓದಿತಲ್ಲ" ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ರೂಪಿಸಿದ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರ ದಾಖಲಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅದೇ ಸಂಸ್ಥೆಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ದೊರೆತ ಬಣ್ಣದ ಶೋಧಕ ಇಂದು ಬಹುತೇಕ ಎಲ್ಲ ಮೊಬೈಲ್‌ಗಳಲ್ಲಿದೆ. ಅಂದಿನಿಂದ ನಡೆದ ಸುಧಾರಣೆಗಳಿಂದಾಗಿ ಕ್ಯಾಮೆರಾ ತಾನೇ ಬೆಳಕನ್ನು ಹೊಂದಿಸಿ, ಅಂಚನ್ನು ತೀಡಿ, ಮಸುಕನ್ನು ತಿದ್ದಿ ಓದುತ್ತದೆ. ಅಂದರೆ ಒಳ್ಳೆಯ ಕ್ಯಾಮೆರಾ ಕೆಟ್ಟ ಮುದ್ರಣವನ್ನು ಮರೆಮಾಚುತ್ತದೆ. ಸಾಗುಪಟ್ಟಿಯ ಮೇಲೆ ಕ್ಷಣಮಾತ್ರ ಎದುರಾಗುವ ಲೇಬಲ್‌ಗೆ ಗೋದಾಮಿನ ಸ್ಕ್ಯಾನರ್ ಅಷ್ಟು ಅವಕಾಶ ಕೊಡುವುದಿಲ್ಲ.

ಓದುವುದು ಬೇರೆ, ಅಳೆಯುವುದು ಬೇರೆ. ಗೆರೆಯ ಬಾರ್‌ಕೋಡ್‌ಗಳಿಗೆ ಐಎಸ್‌ಒ/ಐಇಸಿ 15416, ಕ್ಯೂಆರ್ ಮಾದರಿಯವುಗಳಿಗೆ 15415 ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ. ಕಪ್ಪು ಬಿಳುಪಿನ ಅಂತರ, ಅಂಚಿನ ಸ್ಪಷ್ಟತೆ, ಕಲೆಗಳು ಮುಂತಾದವನ್ನು ನಿಗದಿತ ಬೆಳಕಿನಲ್ಲಿ ಅಳೆದು 4ರಿಂದ 0ವರೆಗೆ ಶ್ರೇಣಿ ನೀಡಲಾಗುತ್ತದೆ. ದೋಷಗಳ ಮೂಲವೂ ಹೆಚ್ಚಾಗಿ ಸರಳವೇ. ಕೋಡ್‌ನ ಎಡಬದಿಯಲ್ಲಿ ಬಿಡಬೇಕಾದ ಖಾಲಿ ಜಾಗವನ್ನು, ಅಂದರೆ ಮೂಲ ಗಾತ್ರದ ಇಎಎನ್-13ಕ್ಕೆ 3.63 ಮಿ.ಮೀ., ವಿನ್ಯಾಸಕಾರ ನುಂಗಿರುತ್ತಾನೆ. ಶಾಯಿ ಹರಡಿ ಗೆರೆ ದಪ್ಪವಾಗಿರುತ್ತದೆ. ಕೆಂಪು ಬೆಳಕಿನ ಸ್ಕ್ಯಾನರ್‌ಗೆ ಕಾಣದ ಕೆಂಪು ಗೆರೆಯನ್ನು ಅಂದಕ್ಕಾಗಿ ಮುದ್ರಿಸಿರುತ್ತಾರೆ. ಮುದ್ರಣ ಯಂತ್ರದ ತಲೆಯಲ್ಲಿ ಒಂದು ಬಿಂದು ಸುಟ್ಟರೆ ಲೇಬಲ್‌ಗಳ ಉದ್ದಕ್ಕೂ ಬಿಳಿಗೆರೆ ಬೀಳುತ್ತದೆ. ಸಾವಿರ ಲೇಬಲ್ ಮುದ್ರಿಸುವ ಮುನ್ನ ಒಂದನ್ನು ಅಳೆದಿದ್ದರೆ ಇವೆಲ್ಲ ಸಿಕ್ಕಿಬೀಳುತ್ತಿದ್ದವು.

ಅಳತೆಯ ಯಂತ್ರ ದುಬಾರಿ, ಸಣ್ಣ ಮುದ್ರಕನಿಗೆ ಎಟುಕದು ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಪ್ರತಿಯೊಬ್ಬರೂ ಕೊಳ್ಳಬೇಕಿಲ್ಲ. ಕೇಂದ್ರ ಸರ್ಕಾರದ ಕಿರು ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ನೆರವಿನ ಅವಕಾಶವಿದೆ. ನಮ್ಮ ಜಿಲ್ಲೆಯಲ್ಲಿ ಅಂಥ ಒಂದು ಮುದ್ರಣ ಪರೀಕ್ಷಾ ಕೇಂದ್ರವನ್ನು ಸ್ಥಾಪಿಸುವ ಪ್ರಸ್ತಾವನೆಯನ್ನು ವಾಣಿಜ್ಯ ಮಂಡಳಿಯೇ ಮುಂದೆ ನಿಂತು ಸಿದ್ಧಪಡಿಸಬೇಕೆಂಬುದು ನನ್ನ ಅಭಿಪ್ರಾಯ.

ಇನ್ನೂ ಒಂದು ಮಾತು. ಭಾರತದಲ್ಲಿ ಪೇಟೆಂಟ್‌ನ ಅವಧಿ ಅರ್ಜಿಯ ದಿನದಿಂದ 20 ವರ್ಷ. ಅವಧಿ ಮುಗಿದ ಆವಿಷ್ಕಾರ ಎಲ್ಲರ ಸೊತ್ತು. ಕ್ಯಾಮೆರಾ ಮತ್ತು ಮುದ್ರಣ ಪರೀಕ್ಷೆಗೆ ಸಂಬಂಧಿಸಿದ ಇಂಥ ಹಳೆಯ ದಾಖಲೆಗಳನ್ನು ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಶುಲ್ಕವಿಲ್ಲದೆ ಹುಡುಕಬಹುದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಅವನ್ನು ಆಧರಿಸಿ ಅಗ್ಗದ ತಪಾಸಣಾ ಸಾಧನ ರೂಪಿಸಲು ಏನು ಅಡ್ಡಿ?

2023ರ ಆಗಸ್ಟ್ 1ರಿಂದ ಆಯ್ದ 300 ಔಷಧ ಬ್ರಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಉಳಿದ ಸರಕುಗಳ ಸರದಿಗಾಗಿ ಕಾಯುತ್ತ ಕೂರುವುದು ಜಾಣತನವಲ್ಲ. ಸದಸ್ಯರು ಮುಂದಿನ ಲೇಬಲ್ ಆದೇಶದಲ್ಲಿ ದರ, ಗಾತ್ರಗಳ ಜೊತೆಗೆ ಮುದ್ರಣದ ಕನಿಷ್ಠ ಶ್ರೇಣಿಯನ್ನೂ ನಮೂದಿಸಲಿ. ಅದಕ್ಕೆ ಯಾವ ಯಂತ್ರವೂ ಬೇಡ, ಒಂದು ಸಾಲು ಬರೆದರೆ ಸಾಕು.