ಆಟವೂ ಒಂದು ಕೃತಿ

ಕನ್ನಡದಲ್ಲಿ ಒಂದು ವಿಡಿಯೊ ಗೇಮ್ ರಚಿಸುತ್ತೇವೆಂದು ನಾಲ್ವರು ತರುಣರು ಹೊರಟರೆ ನಮ್ಮ ಸಮಾಜ ಅವರಿಗೆ ಹಾಕುವ ಮೊದಲ ಪ್ರಶ್ನೆ, "ಕೆಲಸಕ್ಕೆ ಸೇರುವುದು ಯಾವಾಗ?" ಎಂಬುದು. ಹೀಗೆ ಕೇಳುವವರು ಅವಿದ್ಯಾವಂತರಲ್ಲ. ಮನೆಯಲ್ಲಿ ಪುಸ್ತಕದ ಕಪಾಟು ಉಳ್ಳವರು, ಹವ್ಯಾಸಿ ನಾಟಕಕ್ಕೆ ಟಿಕೆಟ್ಟು ಕೊಂಡು ಹೋಗುವವರು, ಭಾನುವಾರ ಈ ಪುಟಗಳನ್ನು ತಪ್ಪದೆ ಓದುವವರು. ಕಾದಂಬರಿ ಬರೆಯುವವನನ್ನು ಹೀಗೆ ಕೇಳಲು ಅವರಿಗೆ ಸಂಕೋಚ; ಆಟ ಕಟ್ಟುವವನನ್ನು ಕೇಳಲು ಮಾತ್ರ ಯಾವ ಸಂಕೋಚವೂ ಇಲ್ಲ. ಈ ಭೇದಕ್ಕೆ ಆಧಾರವೇನೆಂಬುದೇ ನನ್ನ ಪ್ರಶ್ನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಎರಡು ಕೋಣೆಗಳ ಇಂಥದೊಂದು ಸ್ಟುಡಿಯೊ ನಡೆಸುತ್ತಾನೆ. ಸಂಭಾಷಣೆ ತಿದ್ದಿಕೊಡಬೇಕೆಂದು ಕರೆದ, ಹೋಗಿ ಕುಳಿತೆ. ಕಥೆಯಲ್ಲಿ ಒಬ್ಬ ಅಜ್ಜಿ ಬಾಗಿಲು ತೆರೆದು ಒಂದು ಮಾತು ಆಡುತ್ತಾಳೆ. ಆಡುವವನು ಅದಕ್ಕೆ ಮೊದಲು ಕೆರೆಯ ದಾರಿಯಲ್ಲಿ ಬಂದಿದ್ದರೆ ಅವಳ ಮಾತು ಒಂದು, ತೋಟದ ದಾರಿಯಲ್ಲಿ ಬಂದಿದ್ದರೆ ಇನ್ನೊಂದು, ಬರುವುದಾಗಿ ಹೇಳಿ ಬಾರದೆ ಉಳಿದು ಮರುದಿನ ಬಂದರೆ ಮತ್ತೊಂದು. ಮೂರರಲ್ಲಿಯೂ ಅಜ್ಜಿ ಅದೇ ಅಜ್ಜಿಯಾಗಿರಬೇಕು. ಇಪ್ಪತ್ತು ವರ್ಷ ಪಾತ್ರರಚನೆಯ ಪಾಠ ಹೇಳಿದ ನನಗೆ ಆ ಮೂರು ವಾಕ್ಯ ಹೊಂದಿಸಲು ಒಂದು ಮಧ್ಯಾಹ್ನವೇ ಹಿಡಿಯಿತು. ಪರದೆಯ ಮೇಲೆ ನೋಡಿದರೆ ಅವಳ ಕನ್ನಡದ ಒತ್ತಕ್ಷರಗಳೆಲ್ಲ ಒಡೆದು ಬಿದ್ದಿದ್ದವು. ಆಟ ಕಟ್ಟುವ ತಂತ್ರಾಂಶಗಳಲ್ಲಿ ಎಷ್ಟೋ ಇಂಗ್ಲಿಷಿನಂತೆ ಸಾಲಾಗಿ ನಿಲ್ಲುವ ಅಕ್ಷರಗಳನ್ನು ನೆನೆದು ಮಾಡಿದವು. ಒತ್ತು ಕೂರಿಸುವ ಕೆಲಸಕ್ಕೇ ಆ ಹುಡುಗರು ಮೂರು ವಾರ ಸವೆಸಿದ್ದರು. ಇದಕ್ಕೆ ಭಾಷಾಸೇವೆಯೆಂಬ ಹೆಸರು ಸಲ್ಲದಿದ್ದರೆ ಮತ್ತಾವುದಕ್ಕೆ ಸಲ್ಲಬೇಕು?

ಈಚೆಗೆ ಒಂದು ಸಾಹಿತ್ಯ ಸಮಿತಿಯ ಸಭೆಯಲ್ಲಿ, ಇಂಥ ಕೃತಿಗಳ ಬಗ್ಗೆಯೂ ಒಂದು ಗೋಷ್ಠಿ ಇರಲಿ ಎಂದು ಸೂಚಿಸಿದೆ. ಹಿರಿಯರೊಬ್ಬರು, "ಹಾಗಾದರೆ ಇಸ್ಪೀಟಿಗೂ ಒಂದು ಗೋಷ್ಠಿ ಇಟ್ಟುಬಿಡೋಣವೆ, ಮೇಷ್ಟ್ರೆ?" ಎಂದರು. ಸಭೆ ನಕ್ಕಿತು, ಸೂಚನೆ ಬಿದ್ದುಹೋಯಿತು. ಆ ಮಹನೀಯರಿಗೆ ಎರಡು ಉತ್ತರಗಳಿವೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಹಣ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಉಳಿದ ಆಟಗಳನ್ನು ಅವುಗಳಿಂದ ಬೇರೆ ಮಾಡಿದೆ. ಕಾನೂನು ಕಂಡ ಭೇದ ಸಾಹಿತಿಗಳಿಗೆ ಕಾಣದಿದ್ದರೆ ಹೇಗೆ? ಇನ್ನು ಪರಂಪರೆಯ ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಭಾಗದಲ್ಲಿ ಆಟಗಳಿಗೂ ಸ್ಥಾನವುಂಟು. ಆಟ ರಚಿಸುವುದು ಮೈಸೂರಿನ ಅರಸರಿಗೆ ಹಗುರವೆನಿಸಲಿಲ್ಲ. ನಮಗೆ ಮಾತ್ರ ಎನಿಸುತ್ತದೆ.

ಮಕ್ಕಳು ಕೆಡುತ್ತಾರೆಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆಡುವವನನ್ನು ಬಿಡದೆ ಹಿಡಿದಿಟ್ಟು ಗಳಿಗೆಗೊಮ್ಮೆ ಕಾಸು ಕೀಳುವ ಆಟಗಳುಂಟು. ಆದರೆ ಸಣ್ಣ ಸ್ಟುಡಿಯೊದವರು ಮಾರುವುದು ಬಹುಮಟ್ಟಿಗೆ ಪುಸ್ತಕದಂತೆ: ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು, ಕಥೆಗೆ ಆದಿಯೂ ಉಂಟು, ಅಂತ್ಯವೂ ಉಂಟು.

"ಒಳ್ಳೆಯದಾಗಿದ್ದರೆ ತಾನಾಗಿಯೇ ಮಾರಾಟವಾಗುತ್ತದೆ" ಎನ್ನುವವರೊಡನೆ ಸ್ವಲ್ಪ ಲೆಕ್ಕ ಮಾಡೋಣ. ನಾಲ್ವರಿಗೆ ತಿಂಗಳಿಗೆ ನಲವತ್ತು ಸಾವಿರದಂತೆ ಎರಡು ವರ್ಷದ ಸಂಬಳ 38 ಲಕ್ಷ 40 ಸಾವಿರ ರೂಪಾಯಿ. ಆಟದ ಬೆಲೆ 400 ರೂಪಾಯಿ ಎಂದಿಟ್ಟುಕೊಳ್ಳಿ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ ನೂರಕ್ಕೆ ಮೂವತ್ತರಂತೆ ತನ್ನ ಪಾಲು ಹಿಡಿದರೆ ಉಳಿಯುವುದು 280. ತೆರಿಗೆ, ಬಾಡಿಗೆ, ರಿಯಾಯಿತಿಗಳನ್ನು ಮರೆತರೂ ಅಸಲು ಹುಟ್ಟಲು ಹದಿಮೂರು ಸಾವಿರದ ಏಳುನೂರಕ್ಕಿಂತ ಹೆಚ್ಚು ಪ್ರತಿ ಮಾರಾಟವಾಗಬೇಕು. ಸಾವಿರ ಪ್ರತಿ ಖರ್ಚಾದರೆ ಹಿಗ್ಗುವ ನಮ್ಮ ಪ್ರಕಾಶಕರನ್ನು ಕೇಳಿ ನೋಡಿ, ಇದೆಂಥ ಸಂಖ್ಯೆಯೆಂದು. ಇದರಲ್ಲಿಯೂ ಒಂದು ವಿಪರ್ಯಾಸವುಂಟು. ಒಂದು ಆಟ ಕೋಟಿ ಡಾಲರ್ ಗಳಿಸಿದರೆ ಅಲ್ಲಿಂದ ಮುಂದಿನ ಮಾರಾಟದಲ್ಲಿ ಅಂಗಡಿಯ ಪಾಲು ಇಪ್ಪತ್ತೈದಕ್ಕೆ, ಐದು ಕೋಟಿ ಗಳಿಸಿದರೆ ಇಪ್ಪತ್ತಕ್ಕೆ ಇಳಿಯುತ್ತದೆ. 2018ರಿಂದ ಇದೇ ಪದ್ಧತಿ. ಉಳ್ಳವನಿಗೆ ಸೋಡಿ, ಇಲ್ಲದವನಿಗೆ ಪೂರ್ತಿ ಕಂದಾಯ. ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕೊಂಡವನು ಹಣ ಹಿಂದಕ್ಕೆ ಪಡೆಯಬಹುದು. ಒಂದೂವರೆ ಗಂಟೆಯ ಆಟವನ್ನು ಪೂರ್ತಿ ಆಡಿ ಮುಗಿಸಿ ಹಿಂದಿರುಗಿಸಿದರೂ ಕೇಳುವವರಿಲ್ಲ.

ಗೆದ್ದವರ ಹೆಸರು ಹೇಳುವವರು ಅಮೆರಿಕದ ಎರಿಕ್ ಬರೋನ್ ಒಬ್ಬನೇ ಕಟ್ಟಿದ 'ಸ್ಟಾರ್‌ಡ್ಯೂ ವ್ಯಾಲಿ'ಯನ್ನು ಎತ್ತುತ್ತಾರೆ. 2016ರಲ್ಲಿ ಬಂದ ಆ ಆಟ ಕೋಟಿಗಟ್ಟಲೆ ಮಾರಾಟವಾದದ್ದು ನಿಜ. ಅದಕ್ಕೆ ಮುಂಚಿನ ನಾಲ್ಕೂವರೆ ವರ್ಷ ಅವನ ಸಂಗಾತಿ ದುಡಿದು ಮನೆ ನಡೆಸಿದಳೆಂಬುದೂ ಅವನು ರಂಗಮಂದಿರದಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸ ಮಾಡಿದನೆಂಬುದೂ ಅಷ್ಟೇ ನಿಜ. ಪುಣೆಯ ಒಂದು ಸಣ್ಣ ತಂಡ 2020ರಲ್ಲಿ 'ರಾಜಿ' ಎಂಬ ಆಟವನ್ನು ಹೊರತಂದು ಹೊರದೇಶಗಳ ಮೆಚ್ಚುಗೆ ಪಡೆಯಿತು. ಅದಕ್ಕೆ ಮೊದಲು ಸಾರ್ವಜನಿಕರಿಂದ ಚಂದಾ ಎತ್ತುವ ಪ್ರಯತ್ನ ವಿಫಲವಾಗಿ, ಸಂಸ್ಥಾಪಕರಲ್ಲೊಬ್ಬರು ತಮ್ಮ ಮನೆಯನ್ನೇ ಮಾರಬೇಕಾಯಿತು. ಮಾರಲು ಮನೆಯಿಲ್ಲದವರ ಆಟಗಳೆಷ್ಟು ಹುಟ್ಟದೆ ಹೋದವೋ, ಆ ಲೆಕ್ಕ ಯಾರಲ್ಲಿದೆ?

ನನ್ನ ವಿದ್ಯಾರ್ಥಿಯ ತಂಡ ಬದುಕಿರುವುದು ಹಗಲು ಹೊತ್ತು ಪರದೇಶದ ಕಂಪನಿಗಳ ಆಟಗಳಿಗೆ ಗಿಡ, ಕಲ್ಲು, ಗೋಡೆ ಬಿಡಿಸಿಕೊಟ್ಟು. ಸ್ವಂತ ಆಟಕ್ಕೆ ಉಳಿಯುವುದು ರಾತ್ರಿ. ಕರ್ನಾಟಕ 2012ರಲ್ಲಿಯೇ, ದೇಶಕ್ಕೆ ಮೊದಲಾಗಿ, ಅನಿಮೇಷನ್ ಮತ್ತು ಗೇಮಿಂಗ್ ನೀತಿಯೊಂದನ್ನು ರೂಪಿಸಿತು. 2024ರಲ್ಲಿ ಅದನ್ನು ಹೊಸದಾಗಿ ಪ್ರಕಟಿಸಿತು. ಅಂಥ ನೀತಿಗಳ ಪ್ರಚಾರದಲ್ಲೆಲ್ಲ ಎದ್ದು ಕಾಣುವುದು ಉದ್ಯೋಗದ ಸಂಖ್ಯೆ. ಉದ್ಯೋಗ ಬೇಡವೆನ್ನುವಷ್ಟು ಅವಿವೇಕಿ ನಾನಲ್ಲ. ಆದರೆ ಸಾವಿರ ಜನ ಪರರ ಆಟಕ್ಕೆ ಗಿಡ ಬಿಡಿಸಿದಮಾತ್ರಕ್ಕೆ ನಮ್ಮದೆನ್ನುವ ಒಂದು ಆಟ ಹುಟ್ಟದು. ಅಚ್ಚುಕೂಟಗಳ ಸಂಖ್ಯೆಯಿಂದ ಸಾಹಿತ್ಯವನ್ನು ಅಳೆಯುವವರುಂಟೆ?

ನಮ್ಮ ಬದುಕಿನಲ್ಲಿ ಆಟಕ್ಕೆ ಒದಗುವ ವಸ್ತುವಿಲ್ಲವೆಂಬ ಮಾತೂ ಸುಳ್ಳು. ಕೆನಡಾದ ಟೊರಾಂಟೊದಲ್ಲಿ ನೆಲೆಸಿದ ಸಣ್ಣ ತಂಡವೊಂದು, ವಲಸೆ ಹೋದ ತಮಿಳು ಕುಟುಂಬದ ಅಡುಗೆಮನೆಯನ್ನೇ ಆಟವಾಗಿಸಿ 2023ರಲ್ಲಿ 'ವೆಣ್ಬಾ'ವನ್ನು ಪ್ರಕಟಿಸಿತು. ಹರಿದು ಮಾಸಿದ ಪಾಕಪುಸ್ತಕದಲ್ಲಿ ಅಳಿಸಿಹೋದ ಕ್ರಮವನ್ನು ಆಡುವವರೇ ಊಹಿಸಿ ಇಡ್ಲಿ ಬೇಯಿಸಬೇಕು. 2024ರಲ್ಲಿ ಅದಕ್ಕೆ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಚೊಚ್ಚಲ ಕೃತಿಯ ಬಹುಮಾನ ಕೊಟ್ಟಿತು. ನಮ್ಮ ಬಿಸಿಬೇಳೆಬಾತಿಗೆ, ಯಕ್ಷಗಾನದ ಚೌಕಿಗೆ, ಮಲೆನಾಡಿನ ಮಳೆಗೆ ಇಂಥ ಯೋಗ್ಯತೆಯಿಲ್ಲವೆಂದು ಯಾರು ಹೇಳಿದರು?

ಕನ್ನಡ ಪುಸ್ತಕಕ್ಕೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯುಂಟು. ಕನ್ನಡ ಚಿತ್ರಕ್ಕೆ ಸರ್ಕಾರದ ಸಹಾಯಧನವುಂಟು. ಇವು ತಡವಾಗುತ್ತವೆಂದು ನಾವು ಗೊಣಗಿದರೂ ಇರಲೇಬೇಕೆಂದು ಒಪ್ಪುತ್ತೇವೆ. ಹಾಗಾದರೆ ಕನ್ನಡದಲ್ಲಿ ಆಟ ರಚಿಸುವ ನಾಲ್ಕೈದು ತಂಡಗಳಿಗೆ ಆರಿಸಿ, ಎರಡು ವರ್ಷದ ಜೀವನವೇತನ ಕೊಡುವುದು ಅತಿಯಾಸೆಯಲ್ಲ. ಅಕಾಡೆಮಿಗಳು ಬಹುಮಾನ ಕೊಡುವಾಗ ಈ ಕಡೆಗೂ ತಿರುಗಿ ನೋಡಲಿ. ಕನ್ನಡ ವಿಭಾಗಗಳು ಆಟದ ಬರವಣಿಗೆಯನ್ನೂ ಪಾಠಕ್ಕೆ ಸೇರಿಸಲಿ. ವಿಮರ್ಶಕರು ಆಡಿ ನೋಡಿ, ಕೆಟ್ಟದ್ದನ್ನು ಕೆಟ್ಟದ್ದೆಂದು ಬರೆಯಲಿ. ಸುಮ್ಮನಿರುವುದಕ್ಕಿಂತ ಆ ಬೈಗುಳವೇ ಮೇಲು. ಇನ್ನು ಮಧ್ಯಮವರ್ಗದ ನಾವು, ಎರಡು ಮಸಾಲೆದೋಸೆ, ಎರಡು ಕಾಫಿಗೆ ತೆರುವ ಹಣವನ್ನು ವರ್ಷಕ್ಕೊಮ್ಮೆ ಕನ್ನಡದ ಆಟಕ್ಕೆ ತೆತ್ತರೆ ಬಡವರಾಗುವುದಿಲ್ಲ. ಅದನ್ನು ಮಾಡಿದ ಮೇಲೆ ಬೇಕಾದರೆ ಆ ತರುಣರನ್ನು ಕೆಲಸದ ವಿಷಯ ಕೇಳೋಣ. ಅವರು ಮಾಡುತ್ತಿರುವುದೇ ಕೆಲಸವೆಂಬುದು ಅಷ್ಟರಲ್ಲಿ ನಮಗೇ ತಿಳಿದಿರುತ್ತದೆ.