ಹಿಮ ತೆರೆದ ದಾರಿ

ಉಷ್ಣದೇಶದ ಜನರ ಕಲ್ಪನೆಯಲ್ಲಿ ಹಿಮವೆಂದರೆ ಒಂದು ತಡೆ. ಅದು ದಾರಿಗಳನ್ನು ಮುಚ್ಚುತ್ತದೆ, ಹೊಲಗಳನ್ನು ಹೂಳುತ್ತದೆ, ಮನುಷ್ಯನನ್ನು ಒಲೆಯ ಪಕ್ಕಕ್ಕೆ ಅಟ್ಟುತ್ತದೆ. ಚಿತ್ರದಲ್ಲಿ ಹಿಮವನ್ನು ಕಂಡು ಮೆಚ್ಚುವವರೂ ಅದರ ನಡುವೆ ತಿಂಗಳುಗಟ್ಟಲೆ ಬಾಳುವ ಜನರನ್ನು ನೆನೆದು ಮರುಗುವುದುಂಟು. ಆದರೆ ನಾರ್ವೆ ದೇಶದ ಒಳನಾಡಿನ ಹಳ್ಳಿಗರಿಗೆ ಈ ಮರುಕ ವಿಚಿತ್ರವಾಗಿ ತೋರೀತು. ಅವರ ಪಾಲಿಗೆ ಹಿಮವು ದಾರಿಯನ್ನು ತೆರೆಯುವ ವಸ್ತು. ಚಳಿಗಾಲವನ್ನು ಸಹಿಸುವುದು ಬೇರೆ, ಅದನ್ನು ಸವಿಯುವುದು ಬೇರೆ. ಈ ಎರಡರ ನಡುವಣ ಅಂತರವನ್ನು ಒಂದು ಜನಾಂಗ ಹೇಗೆ ದಾಟಿತೆಂಬುದು ವಿಚಾರಮಾಡತಕ್ಕ ವಿಷಯವಾಗಿದೆ.

ಇದರ ಮೂಲವನ್ನು ಆ ನೆಲದ ಸ್ವರೂಪದಲ್ಲಿಯೇ ಹುಡುಕಬೇಕು. ಬೇಸಿಗೆಯಲ್ಲಿ ಅಲ್ಲಿನ ಕಾಡುಗಳಲ್ಲಿ ಜೌಗು ನೆಲ, ಕೆರೆಗಳು, ಬಂಡೆಗಳು, ಬಿದ್ದ ಮರಗಳು ಹೆಜ್ಜೆಹೆಜ್ಜೆಗೂ ಅಡ್ಡವಾಗುತ್ತವೆ. ಚಳಿಗಾಲ ಬಲಿತಂತೆ ಕೆರೆಗಳು ಹೆಪ್ಪುಗಟ್ಟುತ್ತವೆ, ಜೌಗು ಗಟ್ಟಿಯಾಗುತ್ತದೆ, ಹಳ್ಳದಿಣ್ಣೆಗಳನ್ನು ಹಿಮವು ತುಂಬಿ ಸಮಮಾಡುತ್ತದೆ. ಬೇಸಿಗೆಯಲ್ಲಿ ಬಳಸಿ ಹೋಗಬೇಕಾದ ಊರಿಗೆ ಆಗ ನೇರವಾಗಿ ಹೋಗಬಹುದು. ಹಿಂದೆ ರೈತರು ಕಾಡಿನಲ್ಲಿ ಕಡಿದ ದಿಮ್ಮಿಗಳನ್ನು ಕುದುರೆ ಎಳೆಯುವ ಜಾರುಬಂಡಿಗಳಲ್ಲಿ ನದಿಯ ದಡಕ್ಕೆ ಸಾಗಿಸುತ್ತಿದ್ದುದು ಈ ಕಾಲದಲ್ಲಿಯೇ. ರೋರೊಸ್ ಎಂಬುದು ತಾಮ್ರದ ಗಣಿಗಳಿಂದ ಬೆಳೆದ ಹಳೆಯ ಊರು. 1914ರಲ್ಲಿ ಅಲ್ಲಿ ಉಷ್ಣಾಂಶವು ಸೊನ್ನೆಗಿಂತ 50 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿದ ದಾಖಲೆಯಿದೆ. ಅಂತಹ ಊರಿನಲ್ಲಿ 1854ರಲ್ಲಿ ಆರಂಭವಾದ ದೊಡ್ಡ ಜಾತ್ರೆ ಇಂದಿಗೂ ಕೂಡುವುದು ಫೆಬ್ರವರಿ ತಿಂಗಳಲ್ಲಿ! ಸುತ್ತಣ ಕಣಿವೆಗಳಿಂದಲೂ ನೆರೆಯ ಸ್ವೀಡನ್ನಿನಿಂದಲೂ ಕುದುರೆಯ ಜಾರುಬಂಡಿಗಳು ಸಾಲುಸಾಲಾಗಿ ಬಂದು ಸೇರುತ್ತವೆ.

ಈ ಬಿಳಿಯ ದಾರಿಯಲ್ಲಿ ನಡೆಯಲು ಮನುಷ್ಯನು ಕಂಡುಕೊಂಡ ಸಾಧನವೇ ಸ್ಕೀ. ಪಾದಗಳಿಗೆ ಕಟ್ಟಿಕೊಳ್ಳುವ, ಮೂತಿ ಮೇಲಕ್ಕೆ ಬಾಗಿದ ನೀಳವಾದ ಹಲಗೆಗಳ ಜೋಡಿ ಅದು. ಸೀಳಿದ ಮರದ ತುಂಡು ಎಂಬುದೇ ಆ ಶಬ್ದದ ಮೂಲಾರ್ಥ. ಉತ್ತರ ಯೂರೋಪಿನಲ್ಲಿ ದೊರೆತ ಕೆಲವು ಸ್ಕೀಗಳು ಐದು ಸಾವಿರ ವರ್ಷಗಳಷ್ಟು ಹಳೆಯವು. ಬೆಟ್ಟದ ತುದಿಗೆ ಯಂತ್ರದ ಸಹಾಯದಿಂದ ಏರಿ ಕೆಳಕ್ಕೆ ಧುಮುಕುವ ಆಟವನ್ನೇ ಅನೇಕರು ಸ್ಕೀಯಿಂಗ್ ಎಂದು ತಿಳಿದಿದ್ದಾರೆ. ಅದು ಈಚಿನದು. ಕಾಡುಮೇಡುಗಳನ್ನು ಸ್ವಂತ ಬಲದಿಂದ ಹಾಯ್ದು ಹೋಗುವ ದೂರನಡಿಗೆಯ ಸ್ಕೀಯಿಂಗೇ ಪ್ರಾಚೀನವಾದುದು. ಅದರ ಹಲಗೆಯು ನಡುವೆ ತುಸು ಕಮಾನಿನಂತೆ ಎದ್ದಿರುತ್ತದೆ. ಒಂದು ಕಾಲಿನ ಮೇಲೆ ಭಾರ ಬಿದ್ದಾಗ ಆ ಭಾಗವು ಹಿಮವನ್ನು ಒತ್ತುತ್ತದೆ. ಅಲ್ಲಿ ಬಳಿದ ಮೇಣವು ಹಿಮವನ್ನು ಹಿಡಿಯುತ್ತದೆ. ಭಾರ ಹಂಚಿಹೋದೊಡನೆ ಕಮಾನು ಮೇಲೇಳುತ್ತದೆ, ಹಲಗೆ ಜಾರುತ್ತದೆ. ಹೊಸ ಹಿಮಕ್ಕೆ ಒಂದು ಮೇಣ, ಕರಗಿ ಮತ್ತೆ ಗಟ್ಟಿಯಾದ ಹಿಮಕ್ಕೆ ಇನ್ನೊಂದು. ಆದುದರಿಂದ ಹೊರಡುವ ಮುನ್ನ ಹಿಮವನ್ನು ಓದಬಲ್ಲವನೇ ಸುಖವಾಗಿ ಸಾಗಬಲ್ಲನು.

ಈ ಕಲೆಯು ಸಿರಿವಂತರ ವಿಲಾಸದಿಂದ ಹುಟ್ಟಿದುದಲ್ಲವೆಂಬುದಕ್ಕೆ ಸೊಂಡ್ರೆ ನೋರ್ಹೈಮನ ಜೀವನವೇ ಸಾಕ್ಷಿ. ಅವನು 1825ರಲ್ಲಿ ಟೆಲೆಮಾರ್ಕ್ ಪ್ರಾಂತದ ಮೋರ್ಗೆಡಾಲ್ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ ಜನಿಸಿದನು. ಅಂದಿನ ಸ್ಕೀಗಳಲ್ಲಿ ಪಾದದ ಮುಂಭಾಗಕ್ಕೆ ಮಾತ್ರ ಕಟ್ಟು ಇರುತ್ತಿದ್ದುದು ಸಾಮಾನ್ಯ. ಹೊರಳುವಾಗ ಅದು ಸಡಿಲವಾಗುತ್ತಿತ್ತು. ನೋರ್ಹೈಮನು ಬಳುಕುವ ಎಳೆಯ ಕೊಂಬೆಗಳನ್ನು ಹುರಿಮಾಡಿ ಹಿಮ್ಮಡಿಯ ಸುತ್ತ ಬಿಗಿದನು. ಇದರಿಂದ ನೆಗೆತಕ್ಕೂ ತಿರುವಿಗೂ ಹಿಡಿತ ದೊರೆಯಿತು. 1868ರಲ್ಲಿ ಅವನು ರಾಜಧಾನಿಯ ಸ್ಪರ್ಧೆಗೆ ತನ್ನ ಊರಿನಿಂದ ಸ್ಕೀಗಳ ಮೇಲೆಯೇ ಹೋಗಿ, ನಲವತ್ತು ದಾಟಿದ ವಯಸ್ಸಿನಲ್ಲಿ ಯುವಕರನ್ನು ಮೀರಿಸಿದನೆಂದು ಹೇಳುತ್ತಾರೆ. ಆದರೂ ಬಡತನ ಅವನನ್ನು ಬಿಡಲಿಲ್ಲ. 1884ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, 1897ರಲ್ಲಿ ಉತ್ತರ ಡಕೋಟದ ಬಯಲುಸೀಮೆಯಲ್ಲಿ ತೀರಿಕೊಂಡನು. 1952ರಲ್ಲಿ ಓಸ್ಲೋ ನಗರದಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ನಡೆದಾಗ, ಅದರ ಜ್ಯೋತಿಯನ್ನು ಹೊತ್ತಿಸಿದ್ದು ನೋರ್ಹೈಮನು ಹುಟ್ಟಿದ ಮನೆಯ ಒಲೆಯಲ್ಲಿ.

ಆದರೆ ಒಬ್ಬನ ಕುಶಲತೆಯಿಂದ ಊರಿನ ಚಳಿಗಾಲ ಹಿತವಾಗುವುದಿಲ್ಲ. ಅದಕ್ಕೆ ಹಲವರ ದುಡಿಮೆ ಬೇಕು. ನಾರ್ವೆಯಲ್ಲಿ ದುಗ್ನಾದ್ ಎಂಬ ಪದ್ಧತಿಯಿದೆ. ಹಿಂದೆ ಅದು ಮುಯ್ಯಾಳಿನಂತೆ ರೈತರು ಒಬ್ಬರಿಗೊಬ್ಬರು ಮಾಡುವ ನೆರವಾಗಿತ್ತು. ಇಂದು ಊರಿನ ಹಿತಕ್ಕಾಗಿ ಕೂಲಿಯಿಲ್ಲದೆ ಕೂಡಿ ಮಾಡುವ ಕೆಲಸಕ್ಕೆ ಆ ಹೆಸರು. ಹಲವು ಊರುಗಳಲ್ಲಿ ಹಿಮ ಬೀಳುವ ಮೊದಲೇ ಜನರು ಸೇರಿ ಕಾಡುದಾರಿಯ ಪೊದೆಗಳನ್ನು ಸವರುತ್ತಾರೆ. ಹಿಮ ಬಿದ್ದ ಮೇಲೆ ಸ್ಕೀಗಳು ಸಾಗಲು ಎರಡು ಗೀರುಗಳ ಜಾಡನ್ನು ಮೂಡಿಸುತ್ತಾರೆ. ದೀಪದ ಕಂಬಗಳನ್ನು ನೆಟ್ಟ ಜಾಡುಗಳೂ ಅನೇಕ. ಕತ್ತಲು ಬೇಗ ಕವಿದರೂ ಶಾಲೆ ಬಿಟ್ಟ ಮಕ್ಕಳು, ಕೆಲಸ ಮುಗಿಸಿದ ಹಿರಿಯರು ಅಲ್ಲಿ ಜಾರಿ ಸಾಗುತ್ತಾರೆ. ವೃದ್ಧರಿಗಾಗಿ ಸ್ಪಾರ್ಕ್ ಎಂಬ ಸಾಧನವುಂಟು: ಎರಡು ಉದ್ದನೆಯ ಕಬ್ಬಿಣದ ಪಟ್ಟಿಗಳ ಮೇಲೆ ಕೂರಿಸಿದ ಒಂದು ಕುರ್ಚಿ. ಅದರ ಮೇಲೆ ದಿನಸಿಯ ಚೀಲವನ್ನಿಟ್ಟು, ಹಿಂದೆ ನಿಂತು, ಒಂದು ಕಾಲಿನಿಂದ ನೆಲವನ್ನು ಒದ್ದರೆ ಅದು ಮುಂದಕ್ಕೆ ಸರಿಯುತ್ತದೆ. ನಡೆಯಲು ಹೆದರುವ ಮುದುಕಿಯೂ ಇದನ್ನು ಹಿಡಿದು ನೆರೆಮನೆಗೆ ಹೋಗಿಬರುತ್ತಾಳೆ.

ದಾರಿಯಷ್ಟೇ ಮುಖ್ಯವಾದುದು ದಾರಿಯ ಮೇಲಿನ ಹಕ್ಕು. 1957ರ ಒಂದು ಕಾಯಿದೆಯು, ಬೇಸಾಯವಿಲ್ಲದ ನೆಲದಲ್ಲಿ ಯಾರು ಬೇಕಾದರೂ ಸಂಚರಿಸಬಹುದೆಂಬ ಅಲ್ಲಿನ ಹಳೆಯ ರೂಢಿಯನ್ನು ಶಾಸನಬದ್ಧಗೊಳಿಸಿತು. ಬೇಸಾಯದ ಹೊಲಗಳಿಗೂ ಒಂದು ನಿಯಮವುಂಟು. ಅಕ್ಟೋಬರ್ ನಡುವಿನಿಂದ ಏಪ್ರಿಲ್ ಕೊನೆಯವರೆಗೆ, ನೆಲವು ಹೆಪ್ಪುಗಟ್ಟಿದ್ದರೆ ಅಥವಾ ಹಿಮದಿಂದ ಮುಚ್ಚಿದ್ದರೆ, ಮನೆಯಂಗಳಗಳನ್ನು ಬಿಟ್ಟು ಅವುಗಳ ಮೇಲೆಯೂ ಹಾಯ್ದು ಹೋಗಬಹುದು. ಹಿಮವು ಬೇಲಿಗಳನ್ನು ಮುಚ್ಚುವಂತೆಯೇ ಕಾನೂನೂ ಕೆಲವು ತಿಂಗಳ ಮಟ್ಟಿಗೆ ಅವುಗಳನ್ನು ಮರೆಯುತ್ತದೆ. ಬಡವನ ಮಗುವಿಗೂ ಭೂಮಾಲೀಕನ ಮಗುವಿಗೂ ಒಂದೇ ಬಯಲು. ಆನಂದವು ಎಲ್ಲರದಾಗಬೇಕಾದರೆ ಅದಕ್ಕೆ ಬೇಕಾದ ನೆಲವೂ ಎಲ್ಲರದಾಗಿರಬೇಕೆಂಬ ತತ್ತ್ವ ಇಲ್ಲಿ ಅಡಗಿದೆ.

ಇದೆಲ್ಲ ಕೇವಲ ಸೊಗಸಿನ ವರ್ಣನೆಯೆಂದು ಯಾರಾದರೂ ಆಕ್ಷೇಪಿಸಬಹುದು. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಉತ್ತರದ ತ್ರೊಮ್ಸೋ ಪಟ್ಟಣದಲ್ಲಿ ನವೆಂಬರ್ ಕೊನೆಯಿಂದ ಜನವರಿಯ ನಡುವಿನವರೆಗೆ ಸೂರ್ಯನು ಮೂಡುವುದೇ ಇಲ್ಲ. ಹಿಮಪಾತಗಳೂ ಬಿರುಗಾಳಿಗಳೂ ಪ್ರಾಣವನ್ನು ಕೊಂಡುಹೋಗುತ್ತವೆ. 1967ರ ಈಸ್ಟರ್ ರಜೆಯಲ್ಲಿ ಅಲ್ಲಿನ ಬೆಟ್ಟಗಳಲ್ಲಿ 18 ಜನರು ಮಡಿದರು. ಆದರೆ ಆ ಜನರು ಇದರಿಂದ ಕಲಿತುದೇನು? ಬೆಟ್ಟಕ್ಕೆ ಹೋಗಲೇಬಾರದೆಂಬ ಅಂಜಿಕೆಯ ಪಾಠವನ್ನು ಅವರು ಕಲಿಯಲಿಲ್ಲ. ಹೊರಡುವ ಮುನ್ನ ಹವಾಮಾನವನ್ನು ವಿಚಾರಿಸಬೇಕು, ಹೋಗುವ ದಾರಿಯನ್ನು ತಿಳಿಸಿರಬೇಕು, ಸಕಾಲದಲ್ಲಿ ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ ಎಂಬ ಬೆಟ್ಟದ ನಿಯಮಗಳನ್ನು ಮನೆಮನೆಗೆ ಮುಟ್ಟಿಸಿದರು. ಪ್ರಕೃತಿಯನ್ನು ಪ್ರೀತಿಸುವವನು ಅದರ ಬಲವನ್ನೂ ಅರಿತಿರಬೇಕು.

ಇಂದು ಈ ಬಾಳಿಗೆ ಬೇರೊಂದು ಭಯ ಒದಗಿದೆ. ಭೂಮಿಯು ಬಿಸಿಯಾಗುತ್ತಿರುವುದರಿಂದ ತಗ್ಗಿನ ಪ್ರದೇಶಗಳಲ್ಲಿ ಹಿಮದ ಕಾಲ ಮೊಟಕಾಗುತ್ತಿದೆ; ಮಳೆ ಸುರಿದು ಜಾಡುಗಳು ಕೊಚ್ಚಿಹೋಗುತ್ತಿವೆ. ಯಂತ್ರಗಳಿಂದ ಕೃತಕ ಹಿಮವನ್ನು ಚೆಲ್ಲಿ ಸ್ಪರ್ಧೆಗಳನ್ನೇನೋ ನಡೆಸಬಹುದು. ಆದರೆ ಯಂತ್ರದ ಹಿಮವು ಕೆಲವು ಕಿಲೋಮೀಟರ್ ಜಾಡನ್ನು ಮುಚ್ಚೀತೇ ಹೊರತು ಕೆರೆ, ಕಾಡು, ಹೊಲಗಳನ್ನು ಒಂದಾಗಿಸಲಾರದು. ಆಟ ಉಳಿದು ದಾರಿ ಅಳಿದರೆ ಉಳಿದುದು ಎಷ್ಟರ ಲಾಭ? ಹಣವುಳ್ಳವರು ಎತ್ತರದ ಬೆಟ್ಟಗಳಿಗೆ ಪ್ರಯಾಣ ಮಾಡಿಯಾರು; ಮನೆಯ ಬಾಗಿಲಿನಲ್ಲಿಯೇ ಸ್ಕೀ ಕಟ್ಟಿ ಹೊರಡುತ್ತಿದ್ದ ಹಳ್ಳಿಯ ಮಗುವಿಗೆ ಅದು ನಿಲುಕದು.

ಋತುಗಳು ಮನುಷ್ಯನ ಇಷ್ಟವನ್ನು ಕೇಳಿ ಬರುವುದಿಲ್ಲ. ಬಂದ ಋತುವನ್ನು ಶಾಪವೆಂದು ಗೊಣಗುತ್ತ ಕಳೆಯುವುದು ಸುಲಭ. ಅದರೊಡನೆ ಬಾಳುವ ವಿದ್ಯೆಯನ್ನು ಕಲಿತು, ಕಲಿತುದನ್ನು ನೆರೆಯವರೊಡನೆ ಹಂಚಿಕೊಳ್ಳುವುದು ಕಷ್ಟ. ನಾರ್ವೆಯ ಹಳ್ಳಿಗರು ಆ ಕಷ್ಟದ ಹಾದಿಯನ್ನು ಹಿಡಿದುದರಿಂದಲೇ ಅವರಿಗೆ ಹಿಮವು ಹಿತವಾಯಿತು. ಅವರ ಆನಂದಕ್ಕೆ ಆಧಾರವಾದುವು ಮೂರು: ಕೈಗೆ ಕುಶಲತೆ, ಕೆಲಸಕ್ಕೆ ಕೂಟ, ನಡೆಯಲು ಎಲ್ಲರ ನೆಲ. ಹಿಮವನ್ನು ಆಕಾಶವು ಕೊಡಬೇಕು. ಈ ಮೂರನ್ನು ಮಾತ್ರ ಮನುಷ್ಯನೇ ಗಳಿಸಿಕೊಳ್ಳಬೇಕು.