ಜರಡಿಯಲ್ಲಿ ಉಳಿದ ಗ್ರಹ

ಗಣಕಯಂತ್ರವು ವಿದ್ವಾಂಸರನ್ನೇ ಮೂಲೆಗೊತ್ತೀತೇ ಎಂಬ ಅಳುಕು ಇಂದು ಅನೇಕರಲ್ಲಿದೆ. ಒಂದು ನಿದರ್ಶನವನ್ನು ನೋಡೋಣ.

ಗ್ರಹವು ಅಡ್ಡ ಹಾಯ್ದಾಗ ನಕ್ಷತ್ರದ ಬೆಳಕು ಎಳ್ಳಷ್ಟು ಕುಂದುತ್ತದೆ. 2009ರಲ್ಲಿ ನಾಸಾ ಹಾರಿಸಿದ ಕೆಪ್ಲರ್ ದೂರದರ್ಶಕವು ಲಕ್ಷಕ್ಕೂ ಮಿಕ್ಕ ನಕ್ಷತ್ರಗಳಲ್ಲಿ ಈ ಕುಂದನ್ನೇ ಅರಸಿತು. ಆ ಮಾಹಿತಿರಾಶಿಯ ಕ್ಷೀಣ ಸಂಕೇತಗಳನ್ನೆಲ್ಲ ಮನುಷ್ಯರೇ ಪರಿಶೀಲಿಸುವುದು ದುಸ್ಸಾಧ್ಯವಾಗಿತ್ತು. ಕ್ರಿಸ್ಟೋಫರ್ ಶಲ್ಯೂ ಹಾಗೂ ಆಂಡ್ರ್ಯೂ ವ್ಯಾಂಡರ್‌ಬರ್ಗ್ ಅವರು, ವಿಜ್ಞಾನಿಗಳು ಮೊದಲೇ ಪರೀಕ್ಷಿಸಿದ್ದ 15,000 ಸಂಕೇತಗಳನ್ನು ಪಾಠವಾಗಿಸಿ, ದಿಟ-ಹುಸಿಗಳ ಭೇದವನ್ನು ಗಣಕಕ್ಕೆ ಕಲಿಸಿದರು. ಬಳಿಕ 670 ನಕ್ಷತ್ರಗಳ ಹಳೆಯ ಮಾಹಿತಿಯನ್ನು ಜಾಲಾಡಿದಾಗ ಕೆಪ್ಲರ್-90ರ ಎಂಟನೆಯ ಗ್ರಹ ಗೋಚರಿಸಿತು. ನಮ್ಮ ಸೂರ್ಯನಿಗೂ ಎಂಟೇ ಗ್ರಹಗಳಲ್ಲವೇ!

ಯಂತ್ರದ ಮಾತನ್ನು ಅವರು ಹಾಗೆಯೇ ನಂಬಲಿಲ್ಲ; ತಾವೇ ಪರೀಕ್ಷಿಸಿ, 2017ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಜರಡಿ ಹಿಡಿಯುವ ಕಾರ್ಯವನ್ನು ಯಂತ್ರಕ್ಕೆ ಒಪ್ಪಿಸೋಣ. ಕಾಳು-ಜೊಳ್ಳಿನ ಕಡೆಯ ತೀರ್ಮಾನವು ನಮ್ಮಲ್ಲೇ ಉಳಿಯಲಿ.